ದೋಣಿ ಟ್ರೇಲರ್: ನಿರ್ವಹಣೆ ಮತ್ತು ತುಕ್ಕು ತಡೆ

ದೋಣಿ ಟ್ರೇಲರ್ ಎಂದರೆ ಸಣ್ಣ ದೋಣಿಯನ್ನು ನೆಲದ ಮೇಲೆ ಸಾಗಿಸಲು, ನೀರಿಗಿಳಿಸಲು, ಮತ್ತೆ ದಡಕ್ಕೆ ಎಳೆದುಕೊಳ್ಳಲು ಮೋಟಾರು ವಾಹನದ ಹಿಂದೆ ಕಟ್ಟುವ, ಸ್ವಂತ ಎಂಜಿನ್ ಇಲ್ಲದ ಗಾಲಿಬಂಡಿ. ರಸ್ತೆಯ ಮೇಲಿನ ಬೇರೆ ಬಂಡಿಗಳನ್ನು ಸಾಮಾನ್ಯವಾಗಿ ಹೀಗೆ ಬೇಕೆಂದೇ ನೀರಿನಲ್ಲಿ ಮುಳುಗಿಸುವುದಿಲ್ಲ. ಮುಳುಗಿ ಎದ್ದು, ಅರೆಬರೆ ಒಣಗಿ, ಬಳಿಕ ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುವುದು ಇದರ ಬದುಕು. ಹೀಗಾಗಿ ದೋಣಿ ಟ್ರೇಲರ್ ಓಟದಿಂದ ಸವೆದು ಹಾಳಾಗುವುದು ಕಡಿಮೆ, ತುಕ್ಕಿನಿಂದ ಹಾಳಾಗುವುದೇ ಹೆಚ್ಚು. ಅದರ ನಿರ್ವಹಣೆಯೆಂದರೆ ಬಹುಪಾಲು ತುಕ್ಕಿನ ತಡೆಯೇ.

ಈ ಲೇಖನದಲ್ಲಿ ರಸ್ತೆಯಲ್ಲಿ ಓಡುವ ಬಂಡಿಯನ್ನು ‘ರಸ್ತೆ ಟ್ರೇಲರ್’ ಎಂದೂ, ದಡದಿಂದ ನೀರಿನವರೆಗೆ ಕೈಯಲ್ಲಿ ತಳ್ಳಿಕೊಂಡು ಹೋಗುವ ಹಗುರ ಗಾಡಿಯನ್ನು ‘ದಡದ ಟ್ರಾಲಿ’ ಎಂದೂ ಕರೆಯಲಾಗಿದೆ.

ಹಿನ್ನೆಲೆ

ಕನ್ನಡ ನಾಡಿನ ಒಳನಾಡ ನದಿಗಳಲ್ಲಿ ದೋಣಿಗೆ ಬಂಡಿಯ ಅಗತ್ಯವೇ ಇರಲಿಲ್ಲ. ತುಂಗಭದ್ರೆ, ಕಾವೇರಿಗಳ ಹರಿಗೋಲನ್ನು ಅಂಬಿಗನೊಬ್ಬನೇ ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಕರಾವಳಿಯ ಮರದ ದೋಣಿಗಳನ್ನು ಮರಳ ಮೇಲೆ ಹತ್ತಾರು ಜನ ಸೇರಿ ಎಳೆದು ದಡ ಸೇರಿಸುತ್ತಿದ್ದರು. ಟ್ರೇಲರ್ ಬಂದದ್ದು ಮೋಟಾರಿನ ಜೊತೆಗೆ. ಓಲೆ ಎವಿನ್‌ರೂಡ್ 1909ರ ಸುಮಾರಿಗೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನನ್ನು ಮಾರುಕಟ್ಟೆಗೆ ತಂದರು. ಎರಡನೆಯ ಮಹಾಯುದ್ಧದ ಬಳಿಕ ಫೈಬರ್ ದೋಣಿಗಳು ಅಗ್ಗವಾದವು, ಮನೆಯ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಹೋಗುವುದು ಅಮೆರಿಕ ಮತ್ತು ಯುರೋಪಿನಲ್ಲಿ ರೂಢಿಯಾಯಿತು. ಗಾಲಿಯ ಗುಂಬದೊಳಗಿನ ಓರೆ ರೋಲರ್ ಬೇರಿಂಗ್‌ಗೆ ಹೆನ್ರಿ ಟಿಮ್ಕೆನ್ 1898ರಲ್ಲೇ ಪೇಟೆಂಟ್ ಪಡೆದಿದ್ದರು. ಇಂದಿನ ಬಹುತೇಕ ಟ್ರೇಲರ್‌ಗಳ ಗಾಲಿ ತಿರುಗುವುದು ಅದೇ ಬಗೆಯ ಬೇರಿಂಗ್ ಮೇಲೆ.

ಹೈದರಾಬಾದ್: ಕೆರೆಗಳು ಮತ್ತು ದೋಣಿಗಳು

ಒಳನಾಡಿನಲ್ಲಿ ದೋಣಿ ಟ್ರೇಲರ್‌ನ ಬಳಕೆಗೆ ಹೈದರಾಬಾದ್ ಒಂದು ಉದಾಹರಣೆ. ಸಮುದ್ರದಿಂದ ಬಹುದೂರದ ದಖ್ಖನ್ ಪ್ರಸ್ಥಭೂಮಿಯಲ್ಲಿದ್ದರೂ ಅದು ಹಾಯಿದೋಣಿಯ ಊರು. 1562–63ರಲ್ಲಿ ಇಬ್ರಾಹಿಂ ಕುಲಿ ಕುತುಬ್ ಷಾ ಕಾಲದಲ್ಲಿ ಕಟ್ಟಿದ ಹುಸೇನ್ ಸಾಗರದಲ್ಲಿ ಸೇನೆಯ ಇಎಂಇ ಸೇಲಿಂಗ್ ಅಸೋಸಿಯೇಷನ್ ಮತ್ತು ಯಾಟ್ ಕ್ಲಬ್ ಆಫ್ ಹೈದರಾಬಾದ್ ತರಬೇತಿ ನಡೆಸುತ್ತವೆ. ಮಳೆಗಾಲದ ಗಾಳಿಯನ್ನು ನೆಚ್ಚಿಕೊಂಡು ‘ಹೈದರಾಬಾದ್ ಸೇಲಿಂಗ್ ವೀಕ್’ ಮೊದಲಾದ ಸ್ಪರ್ಧೆಗಳು ಜರುಗುತ್ತವೆ. ಇಲ್ಲಿನ ದೋಣಿಗಳು ಹಗುರ. ಮಕ್ಕಳ ಆಪ್ಟಿಮಿಸ್ಟ್ ಬಗೆಯ ದೋಣಿ 2.3 ಮೀಟರ್ ಉದ್ದ, 35 ಕಿಲೋ ತೂಕ. ಲೇಸರ್ ಬಗೆಯದು ಸುಮಾರು 4.2 ಮೀಟರ್ ಉದ್ದ, ಅದರ ಒಡಲ ತೂಕ 59 ಕಿಲೋ.

ಕ್ರೀಡೆಗಷ್ಟೇ ಅಲ್ಲ, ಪ್ರವಾಹದ ರಕ್ಷಣೆಗೂ ಇಲ್ಲಿ ದೋಣಿ ಬೇಕಾಗುತ್ತದೆ. ನಗರದ ನೈಋತ್ಯ ಭಾಗದ ಮೆಹದಿಪಟ್ಟಣಂ, ಗಂಡಿಪೇಟೆಯ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರದ ಕಡೆಗೆ ಹೋಗುವ ದಾರಿಗಳು ಕವಲೊಡೆಯುವ ಜಾಗ. ಆ ಎರಡು ಕೆರೆಗಳು ಹುಟ್ಟಿದ್ದೇ ಪ್ರವಾಹದಿಂದ. ಮೂಸಿ ನದಿಯ 1908ರ ಪ್ರವಾಹದ ನಂತರ ನಿಜಾಮ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ನದಿಯ ಮೇಲ್ಭಾಗದಲ್ಲಿ ನೀರನ್ನು ತಡೆಯಬೇಕೆಂಬ ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮೂಡಿಬಂದವು.

ಪ್ರವಾಹ ಆ ಭಾಗವನ್ನು ಬಿಟ್ಟುಹೋಗಿಲ್ಲ. 2020ರ ಅಕ್ಟೋಬರ್ ಮಧ್ಯದ ಮಳೆಗೆ ಮೆಹದಿಪಟ್ಟಣಂನ ಪಕ್ಕದ ಟೋಲಿಚೌಕಿಯಲ್ಲಿ ನದೀಂ ಕಾಲೊನಿ ಜಲಾವೃತವಾಗಿ, ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಕ್ರೀಡೆಯ ದೋಣಿಗೆ ವೇಳಾಪಟ್ಟಿ ಇರುತ್ತದೆ, ರಕ್ಷಣಾ ದೋಣಿಗೆ ಇರುವುದಿಲ್ಲ. ವರ್ಷವಿಡೀ ಶೆಡ್ಡಿನಲ್ಲಿ ನಿಂತ ಟ್ರೇಲರ್ ಒಂದು ರಾತ್ರಿ ಮಳೆಯಲ್ಲಿ ತಕ್ಷಣ ಹೊರಡಬೇಕು. ಆಗ ಅಂಟಿಕೊಂಡ ಬೇರಿಂಗ್ ಅಥವಾ ತುಕ್ಕು ತಿಂದ ಕೊಂಡಿ ಜೀವದ ಪ್ರಶ್ನೆಯಾಗುತ್ತದೆ.

ರಚನೆ

ಟ್ರೇಲರ್‌ನ ಬೆನ್ನೆಲುಬು ಚಾಸಿ: ಎರಡು ಉದ್ದ ತೊಲೆಗಳು, ಅವುಗಳನ್ನು ಹಿಡಿದಿಡುವ ಅಡ್ಡಪಟ್ಟಿಗಳು, ಮುಂದೆ ಚಾಚಿದ ಮೂಕಿ. ಮೂಕಿಯ ತುದಿಯಲ್ಲಿ ಎಳೆಯುವ ವಾಹನದ ಗುಂಡಿನ ಮೇಲೆ ಕೂರುವ ಕೊಂಡಿ ಇರುತ್ತದೆ. ಅಂತರರಾಷ್ಟ್ರೀಯ ಮಾನಕದ ಗುಂಡು 50 ಮಿಲಿಮೀಟರ್ ವ್ಯಾಸದ್ದು. ಕೊಂಡಿ ಕಳಚಿದರೂ ಬಂಡಿ ಬೇರ್ಪಡದಂತೆ ಸುರಕ್ಷತಾ ಸರಪಳಿ, ನಿಲ್ಲಿಸುವಾಗ ಆಸರೆಗೆ ಮುಂದಿನ ಪುಟ್ಟ ಗಾಲಿ, ದೋಣಿಯನ್ನು ಮೇಲೆಳೆಯಲು ಕೈವಿಂಚು ಮೂಕಿಯ ಮೇಲೆಯೇ ಇರುತ್ತವೆ. ದೋಣಿ ಕೂರುವುದು ರಬ್ಬರ್ ಉರುಳೆಗಳ ಮೇಲೆ ಅಥವಾ ಕಾರ್ಪೆಟ್ ಹೊದಿಸಿದ ಮರದ ಹಲಗೆಗಳ ಮೇಲೆ. ಕೆಳಗೆ ಆಕ್ಸಲ್, ಅದನ್ನು ಚಾಸಿಗೆ ಕೂಡಿಸುವ ಕಮಾನು ಪಟ್ಟಿ ಅಥವಾ ಕೊಳವೆಯೊಳಗೆ ರಬ್ಬರ್ ತುಂಬಿದ ತಿರುಚು ಆಕ್ಸಲ್, ತುದಿಗಳಲ್ಲಿ ಹಬ್ಬು (ಗಾಲಿಯ ಗುಂಬ) ಮತ್ತು ಗಾಲಿ. ಒಟ್ಟು ಭಾರದಲ್ಲಿ ಶೇ 5ರಿಂದ 10ರಷ್ಟು ಮೂಕಿಯ ಮೇಲೆ ಬೀಳುವಂತೆ ದೋಣಿಯನ್ನು ಕೂರಿಸಬೇಕು. ಹಿಂಭಾರ ಹೆಚ್ಚಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಹೊಯ್ದಾಡುತ್ತದೆ.

ತುಕ್ಕಿನ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ ಚಾಸಿಯ ಉಕ್ಕು ಯಾವ ಆಕಾರದ್ದು ಎಂಬುದು. ತೆರೆದ ಚಾನೆಲ್ ಅಥವಾ ಆಂಗಲ್ ಆದರೆ ನೀರು ಇಳಿದುಹೋಗುತ್ತದೆ, ಎಲ್ಲ ಮುಖವೂ ಕಣ್ಣಿಗೆ ಬೀಳುತ್ತದೆ, ಬ್ರಷ್ಷು ಮುಟ್ಟುತ್ತದೆ. ಬಾಕ್ಸ್ ಪೈಪ್ ಅದೇ ತೂಕಕ್ಕೆ ತಿರುಚುವಿಕೆಯನ್ನು ಹೆಚ್ಚು ತಡೆಯುತ್ತದೆ, ನೋಟಕ್ಕೂ ಚೆಂದ. ಆದರೆ ಅದರ ಒಳಗೆ ಹೊಕ್ಕ ನೀರು ಒಳಗೇ ಉಳಿಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತಗಡು ತೆಳ್ಳಗಾಗುತ್ತ ಬರುತ್ತದೆ. ಸ್ಥಳೀಯ ವರ್ಕ್‌ಶಾಪಿನಲ್ಲಿ ಹೊಸ ಟ್ರೇಲರ್ ಮಾಡಿಸುವವರಿಗೆ ತೆರೆದ ಚಾನೆಲ್ಲೇ ಸರಿಯಾದ ಆಯ್ಕೆ.

ಬಗೆಗಳು

ಬಳಕೆಯನ್ನು ನೋಡಿದರೆ ಮೂರು ಬಗೆ. ಮೊದಲನೆಯದು ಇಡಿಯಾಗಿ ನೀರಿಗಿಳಿಸುವ ರಸ್ತೆ ಟ್ರೇಲರ್, ಮೋಟಾರು ದೋಣಿಗಳಿಗೆ ಸಾಮಾನ್ಯ. ಎರಡನೆಯದು ದಡದ ಟ್ರಾಲಿ. ಇದರ ಗಾಲಿಗಳು ಪ್ಲಾಸ್ಟಿಕ್ಕಿನವು, ಬಹುಮಟ್ಟಿಗೆ ಲೋಹದ ಬೇರಿಂಗೇ ಇಲ್ಲದವು. ಹುಸೇನ್ ಸಾಗರದ ದಡದಲ್ಲಿ ಲೇಸರ್ ದೋಣಿ ನೀರಿಗಿಳಿಯುವುದು ಇದರ ಮೇಲೆ. ಮೂರನೆಯದು ಜೋಡಿ ಟ್ರೇಲರ್: ರಸ್ತೆಯ ಬಂಡಿಯ ಮೇಲೆ ದಡದ ಟ್ರಾಲಿಯನ್ನು ದೋಣಿಸಮೇತ ಹೇರಿಕೊಂಡು ಹೋಗಿ, ದಡದಲ್ಲಿ ಟ್ರಾಲಿಯನ್ನಷ್ಟೇ ಇಳಿಸುವ ಏರ್ಪಾಡು. ರಸ್ತೆಯ ಬಂಡಿಯ ಹಬ್ಬು, ಬ್ರೇಕು, ದೀಪ ಯಾವುದೂ ನೀರು ಕಾಣುವುದಿಲ್ಲ. ಹಗುರ ದೋಣಿಗಳಿಗೆ ಇದಕ್ಕಿಂತ ಒಳ್ಳೆಯ ತುಕ್ಕು ತಡೆ ಇಲ್ಲ. ಉಳಿದೆಲ್ಲ ಉಪಾಯಗಳು ಬಂಡಿಯನ್ನು ನೀರಿಗಿಳಿಸಲೇಬೇಕಾದವರಿಗೆ.

ತುಕ್ಕು ಹಿಡಿಯುವ ಬಗೆ

ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಲೋಹದ ಮೈಯ ಒಂದು ಭಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡು ಕರಗುತ್ತದೆ, ಮತ್ತೊಂದು ಭಾಗದಲ್ಲಿ ಆಮ್ಲಜನಕ ಆ ಎಲೆಕ್ಟ್ರಾನ್‌ಗಳನ್ನು ಪಡೆಯುತ್ತದೆ. ನಡುವಿನ ತೇವ ವಿದ್ಯುತ್ತಿನ ದಾರಿಯಾಗುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಆ ದಾರಿ ಸಲೀಸು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಬಣ್ಣ ಉಬ್ಬುವುದು, ಕಮಾನು ಪಟ್ಟಿಗಳು ಒಂದರಿಂದೊಂದು ಬಿರಿಯುವುದು ಇದರಿಂದಲೇ. ಆಮ್ಲಜನಕ ಕಡಿಮೆ ಇರುವ ಬಿರುಕಿನ ಆಳ ಹೆಚ್ಚು ಕರಗುತ್ತದೆ. ವಾಷರಿನ ಅಡಿ, ಮರದ ಹಲಗೆ ಚಾಸಿಗೆ ಒತ್ತಿಕೊಂಡ ಜಾಗ, ಬಿಟ್ಟುಬಿಟ್ಟು ಮಾಡಿದ ವೆಲ್ಡಿಂಗಿನ ಸಂದುಗಳನ್ನು ಮೊದಲು ನೋಡಬೇಕಾದ್ದು ಅದಕ್ಕೇ.

ಗಾಳಿಯ ಸಾಪೇಕ್ಷ ತೇವಾಂಶ ಶೇ 60 ದಾಟಿದರೆ ಉಕ್ಕಿನ ತುಕ್ಕು ವೇಗ ಪಡೆಯುತ್ತದೆ. ಹೈದರಾಬಾದಿನ ಬೇಸಿಗೆ ಒಣ, ಮಳೆಗಾಲ ಮಾತ್ರ ತೇವ. ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ವರ್ಷದ ಬಹುಭಾಗ ತೇವವೇ, ಜೊತೆಗೆ ಗಾಳಿಯಲ್ಲಿ ಉಪ್ಪು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ: ಕರಾವಳಿಗೆ ಹೋಗಿಬಂದ ಟ್ರೇಲರ್ ಒಣ ಊರಿಗೆ ಮರಳಿದ ಮೇಲೆ ಸುರಕ್ಷಿತ ಎಂಬುದು. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರು ಒಣಗಿದಾಗ ಬರಿಯ ಅಡುಗೆ ಉಪ್ಪು ಉಳಿಯುವುದಿಲ್ಲ, ಮೆಗ್ನೀಸಿಯಂ ಕ್ಲೋರೈಡೂ ಉಳಿಯುತ್ತದೆ. ಅಡುಗೆ ಉಪ್ಪು ಶೇ 75ರಷ್ಟು ತೇವಾಂಶದಲ್ಲಿ ನೀರಾದರೆ, ಮೆಗ್ನೀಸಿಯಂ ಕ್ಲೋರೈಡ್ ಶೇ 33ರಲ್ಲೇ ಗಾಳಿಯ ತೇವ ಹೀರಿ ನೀರಾಗುತ್ತದೆ. ಮಲ್ಪೆಯ ಉಪ್ಪನ್ನು ಸಂದಿಗಳಲ್ಲಿ ಹೊತ್ತು ತಂದ ಚಾಸಿ ಹೈದರಾಬಾದಿನ ಶೆಡ್ಡಿನಲ್ಲಿ ನಿಂತೇ ತುಕ್ಕು ಹಿಡಿಯುತ್ತಿರುತ್ತದೆ.

ಸಿಹಿನೀರಿನ ಕೆರೆಯೆಂದ ಮಾತ್ರಕ್ಕೆ ನಿಶ್ಚಿಂತೆಯೂ ಸಲ್ಲದು. ಹುಸೇನ್ ಸಾಗರಕ್ಕೆ ಕೂಕಟ್‌ಪಲ್ಲಿ ನಾಲೆಯ ಮೂಲಕ ದಶಕಗಳ ಕಾಲ ಕೊಳಚೆ ಮತ್ತು ಕೈಗಾರಿಕಾ ತ್ಯಾಜ್ಯ ಹರಿದು ಬಂದಿದೆ. ಆಮ್ಲಜನಕವಿಲ್ಲದ ಅಂಥ ಕೆಸರಿನಲ್ಲಿ ಸಲ್ಫೇಟನ್ನು ಸಲ್ಫೈಡಾಗಿಸುವ ಬ್ಯಾಕ್ಟೀರಿಯಾಗಳು ಬದುಕುತ್ತವೆ, ಅವು ಉಕ್ಕನ್ನು ಗುಂಡಿಗುಂಡಿಯಾಗಿ ಕೊರೆಯುತ್ತವೆ. ಚಾಸಿಗೆ ಮೆತ್ತಿದ ಕಪ್ಪು ಕೆಸರು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಅದನ್ನು ಆ ದಿನವೇ ತೊಳೆದು ತೆಗೆಯಬೇಕು.

ಸತುವಿನ ಲೇಪ

ದೋಣಿ ಟ್ರೇಲರ್‌ಗೆ ಉತ್ತಮ ರಕ್ಷಣೆ ಬಿಸಿ ಸತುವಿನ ಲೇಪ, ಅಂದರೆ ಗ್ಯಾಲ್ವನೈಸಿಂಗ್. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆಮ್ಲದಲ್ಲಿ ತೊಳೆದ ಉಕ್ಕನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಅದ್ದಿದಾಗ ಉಕ್ಕು ಮತ್ತು ಸತು ಬೆರೆತ ಮಿಶ್ರಲೋಹದ ಪದರಗಳು ಮೈಗೆ ಕಚ್ಚಿಕೊಂಡು ಬೆಳೆಯುತ್ತವೆ. ಗೀರು ಬಿದ್ದರೂ ಸುತ್ತಲಿನ ಸತು ಮೊದಲು ಕರಗಿ ಉಕ್ಕನ್ನು ಕಾಯುತ್ತದೆ. ಸಾಮಾನ್ಯ ಬಣ್ಣಕ್ಕೆ ಈ ಶಕ್ತಿ ಇಲ್ಲ. ಭಾರತದಲ್ಲಿ ಐಎಸ್ 2629 ಮತ್ತು ಐಎಸ್ 4759 ಈ ಕೆಲಸದ ಮಾನಕಗಳು. ಅಂತರರಾಷ್ಟ್ರೀಯ ಮಾನಕದಂತೆ 6 ಮಿಲಿಮೀಟರಿಗಿಂತ ದಪ್ಪದ ಉಕ್ಕಿನ ಮೇಲೆ ಲೇಪ ಸರಾಸರಿ 85 ಮೈಕ್ರಾನ್ ಇರಬೇಕು, 3ರಿಂದ 6 ಮಿಲಿಮೀಟರಿನ ಉಕ್ಕಿನ ಮೇಲೆ 70 ಮೈಕ್ರಾನ್.

ಈ ಲೇಪ ಎಷ್ಟು ವರ್ಷ ಬಾಳುತ್ತದೆಂಬುದು ಹವೆಯನ್ನು ಅವಲಂಬಿಸಿದೆ. ಮಧ್ಯಮ ದರ್ಜೆಯ ಹವೆಯಲ್ಲಿ ಸತು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ, ಅತಿ ತೀವ್ರ ಕರಾವಳಿ ಹವೆಯಲ್ಲಿ 4.2ರಿಂದ 8.4 ಮೈಕ್ರಾನ್. ಒಳನಾಡಿನಲ್ಲಿ ಹಲವು ದಶಕ ಬಾಳುವ ಲೇಪ ಕಡಲತೀರದಲ್ಲಿ ಹತ್ತಿಪ್ಪತ್ತು ವರ್ಷಕ್ಕೆ ಮುಗಿಯುತ್ತದೆ. ಮೇಲಿಂದ ಮೇಲೆ ನೀರಿಗಿಳಿಯುವ ಭಾಗಗಳಲ್ಲಿ ಅದಕ್ಕೂ ಬೇಗ.

ಅದ್ದುವ ಮೊದಲೇ ಎಲ್ಲ ವೆಲ್ಡಿಂಗ್, ಎಲ್ಲ ತೂತು ಮುಗಿದಿರಬೇಕು. ಬಾಕ್ಸ್ ಪೈಪಿಗೆ ಎರಡೂ ತುದಿಯಲ್ಲಿ ರಂಧ್ರವಿರಲೇಬೇಕು: ಸತು ಒಳಗೆ ಹರಿಯಲು, ಹಬೆ ಹೊರಬೀಳಲು. ಮುಚ್ಚಿದ ಪೈಪನ್ನು ಅದ್ದಿದರೆ ಅದು ಸ್ಫೋಟಿಸಬಹುದು. ಬಳಿಕ ಅದೇ ರಂಧ್ರಗಳು ನೀರು ಬಸಿಯುವ ದಾರಿಯಾಗುತ್ತವೆ. ಲೇಪವಾದ ಮೇಲೆ ಕೊರೆದ ಅಥವಾ ಬೆಸೆದ ಜಾಗಕ್ಕೆ ಸತುಭರಿತ ಪೇಂಟನ್ನು ಕನಿಷ್ಠ 100 ಮೈಕ್ರಾನ್ ದಪ್ಪಕ್ಕೆ ಹಚ್ಚಬೇಕು. ಗ್ಯಾಲ್ವನೈಸ್ ಆದ ಉಕ್ಕನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಜ್ವರ ತರುತ್ತದೆ. ಮೊದಲು ಸತುವನ್ನು ಗ್ರೈಂಡ್ ಮಾಡಿ ತೆಗೆದು, ಬಯಲಿನಲ್ಲಿ ಕೆಲಸ ಮಾಡುವುದು ಅಗತ್ಯ.

ಹೊಸ ಟ್ರೇಲರ್ ಒದ್ದೆಯಾಗಿ, ಗಾಳಿಯಾಡದೆ ನಿಂತರೆ ಮೈಮೇಲೆ ಬಿಳಿ ಪುಡಿ ಏಳುತ್ತದೆ. ಇದು ಸತುವಿನ ತುಕ್ಕು. ನೈಲಾನ್ ಬ್ರಷ್ಷಿನಿಂದ ಉಜ್ಜಿ ತೊಳೆದು ಒಣಗಿಸಿದರೆ ಸಾಕು. ಆಮ್ಲದ ಕ್ಲೀನರ್ ಬಳಸಬಾರದು, ಅದು ಬಿಳಿ ಕಲೆಯ ಜೊತೆಗೆ ಸತುವನ್ನೂ ತೆಗೆಯುತ್ತದೆ.

ಬಣ್ಣ ಮತ್ತು ಎಣ್ಣೆ

ನಮ್ಮ ವರ್ಕ್‌ಶಾಪುಗಳ ರೂಢಿ ರೆಡ್ ಆಕ್ಸೈಡ್ ಬಳಿದು ಮೇಲೆ ಎನಾಮೆಲ್ ಹಚ್ಚುವುದು. ಮನೆಯ ಗೇಟಿಗೆ ಇದು ಸಾಕು, ನೀರಿಗಿಳಿಯುವ ಟ್ರೇಲರ್‌ಗೆ ಸಾಲದು. ಹೆಚ್ಚು ಬಾಳುವ ಕ್ರಮವೆಂದರೆ ಮರಳು ಸಿಡಿಸಿ ಲೋಹವನ್ನು ಬರಿದುಗೊಳಿಸಿ, ಸತುಭರಿತ ಎಪಾಕ್ಸಿ ಪ್ರೈಮರ್, ಎಪಾಕ್ಸಿಯ ನಡುಪದರ, ಬಿಸಿಲು ತಡೆಯುವ ಪಾಲಿಯುರೆಥೇನ್ ಮೇಲ್ಪದರ. ಬಣ್ಣದ ಗುಣಮಟ್ಟಕ್ಕಿಂತ ಅದರಡಿಯ ಲೋಹದ ಶುಚಿತ್ವ ದೊಡ್ಡದು. ಉಪ್ಪು ಉಳಿದ ಮೈಗೆ ಬಣ್ಣ ಬಳಿದರೆ, ಆ ಉಪ್ಪು ಬಣ್ಣದ ಮೂಲಕವೇ ನೀರನ್ನು ಒಳಗೆಳೆದು ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ವೈರ್ ಬ್ರಷ್ ಹಿಡಿಯುವ ಮೊದಲೂ ನಂತರವೂ ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು.

ಬಾಕ್ಸ್ ಪೈಪಿನ ಒಳಮೈಗೆ ಬಣ್ಣ ಮುಟ್ಟುವುದಿಲ್ಲ. ಅಲ್ಲಿಗೆ ಮೇಣ, ಲ್ಯಾನೊಲಿನ್ ಅಥವಾ ಮೀನೆಣ್ಣೆಯನ್ನು ಉದ್ದ ನಳಿಕೆಯಿಂದ ಸಿಂಪಡಿಸುತ್ತಾರೆ. ಮೀನೆಣ್ಣೆ ಕರ್ನಾಟಕದ ಕರಾವಳಿಗೆ ಹೊಸದೇನಲ್ಲ. ಬೂತಾಯಿ ಎಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಮರದ ದೋಣಿಗಳಿಗೆ ಬಳಿಯುವ ವಾಡಿಕೆ ಹಳೆಯದು. ಮೀನೆಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ತೆಳುವಾದ, ಜಿಗುಟಾದ ಪೊರೆಯಾಗುತ್ತದೆ. ತುಕ್ಕಿನ ಸೂಕ್ಷ್ಮ ರಂಧ್ರಗಳಿಗೂ ಇಳಿಯುವ ಗುಣದಿಂದಾಗಿ ಅದು ಉಕ್ಕಿನ ಒಳಮೈಗೂ ಒಗ್ಗುತ್ತದೆ. ವಾಸನೆ ಕೆಲವು ದಿನ ಇರುತ್ತದೆ. ಗೇರು ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವುದರಿಂದ ಕೈಗವಸಿಲ್ಲದೆ ಮುಟ್ಟಬಾರದು.

ಬಾಕ್ಸ್ ಪೈಪ್ ಒಳಗೆ ಎಷ್ಟು ಉಳಿದಿದೆ ಎಂದು ತಿಳಿಯಲು ಸುತ್ತಿಗೆಯೇ ಸಾಕು. ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋದರೆ ಗಟ್ಟಿ ಉಕ್ಕು ಠಣ್ಣೆನ್ನುತ್ತದೆ, ತೆಳುವಾದಲ್ಲಿ ಸದ್ದು ಮಂಕಾಗುತ್ತದೆ. ಆ ಜಾಗದ ತಳಭಾಗವನ್ನು, ಅದರಲ್ಲೂ ಆಕ್ಸಲ್ ಕೂರುವ ಕಡೆಯ ವೆಲ್ಡಿಂಗನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಬೇಕು. ಒಳಕ್ಕೆ ಹೋದರೆ ತೇಪೆ ಸಾಲದು, ತೊಲೆಯನ್ನೇ ಬದಲಿಸಬೇಕು.

ಬೇರೆ ಲೋಹಗಳ ಜೊತೆ

ಅಲ್ಯೂಮಿನಿಯಂ ಚಾಸಿ ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಅದಕ್ಕೆ ಸ್ಟೇನ್‌ಲೆಸ್ ಬೋಲ್ಟನ್ನು ನೇರವಾಗಿ ಬಿಗಿದರೆ ಉಪ್ಪುನೀರಿನಲ್ಲಿ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಕರಗುತ್ತದೆ. ನಡುವೆ ನೈಲಾನ್ ವಾಷರ್ ಇರಬೇಕು. ತಾಮ್ರದ ಲವಣದಿಂದ ಸಂಸ್ಕರಿಸಿದ ಹಲಗೆಯನ್ನೂ ಅಲ್ಯೂಮಿನಿಯಂ ಮೇಲೆ ಕೂರಿಸಬಾರದು. ಗ್ಯಾಲ್ವನೈಸ್ ಚಾಸಿಗೆ ಗ್ಯಾಲ್ವನೈಸ್ ಬೋಲ್ಟೇ ತಕ್ಕ ಜೋಡಿ.

ಬೇರಿಂಗ್

ದಾರಿಯಲ್ಲಿ ಕೈಕೊಡುವ ಭಾಗಗಳಲ್ಲಿ ಬೇರಿಂಗ್ ಮೊದಲನೆಯದು. ಓಡಿ ಬಂದ ಹಬ್ಬು ಬಿಸಿಯಾಗಿರುತ್ತದೆ. ಕೂಡಲೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆಯುತ್ತದೆ. ದಡ ಮುಟ್ಟಿದ ಮೇಲೆ ಅರ್ಧ ಗಂಟೆ ಕಾದು ಹಬ್ಬು ಆರಿದ ಬಳಿಕ ಇಳಿಸುವುದು ಖರ್ಚಿಲ್ಲದ ಮದ್ದು. ಸ್ಪ್ರಿಂಗ್ ಒತ್ತಡದಿಂದ ಹಬ್ಬಿನೊಳಗೆ ಸದಾ ಗ್ರೀಸ್ ತುಂಬಿಟ್ಟಿರುವ ಮುಚ್ಚಳಗಳೂ ಇವೆ. ಅವುಗಳಿಗೆ ಅತಿಯಾಗಿ ಗ್ರೀಸ್ ಹೊಡೆದರೆ ಹಿಂದಿನ ಸೀಲೇ ಕಿತ್ತುಬರುತ್ತದೆ.

ವರ್ಷಕ್ಕೊಮ್ಮೆ, ಸಾಧ್ಯವಾದರೆ ಮಳೆಗಾಲಕ್ಕೆ ಮುಂಚೆ, ಹಬ್ಬನ್ನು ಬಿಚ್ಚಬೇಕು. ಗ್ರೀಸ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಸೀಮೆಎಣ್ಣೆಯಲ್ಲಿ ತೊಳೆದ ರೋಲರುಗಳ ಮೇಲೆ, ಹೊರಬಳೆಯ ಒಳಮೈಯಲ್ಲಿ ಕಪ್ಪು ಗೆರೆ ಅಥವಾ ಗುಳಿ ಕಂಡರೆ ಬೇರಿಂಗನ್ನೂ ಬಳೆಯನ್ನೂ ಒಟ್ಟಿಗೆ ಬದಲಿಸಬೇಕು. ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು, ಬೇರಿಂಗಿನ ಅಗಲದ ಬದಿಯನ್ನು ಅದಕ್ಕೆ ಒತ್ತಿ ಒತ್ತಿ, ರೋಲರುಗಳ ಸಂದಿನಿಂದ ಆಚೆ ಬದಿಗೆ ಗ್ರೀಸ್ ಹೊಮ್ಮುವವರೆಗೆ ತುಂಬಬೇಕು. ನಟ್ಟನ್ನು ಗಾಲಿ ತಿರುಗಿಸುತ್ತಲೇ ಬಿಗಿದು, ಮತ್ತೆ ಸಡಿಲಿಸಿ, ಬೆರಳಿನಿಂದಷ್ಟೇ ಬಿಗಿ ಮಾಡಿ, ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಹಳೆಯ ಪಿನ್ನನ್ನು ಮರಳಿ ಬಳಸಬಾರದು. ಸಾಮಾನ್ಯ ಲಿಥಿಯಂ ಗ್ರೀಸಿಗಿಂತ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸ್ ನೀರಿಗೆ ಕೊಚ್ಚಿಹೋಗುವುದು ಕಡಿಮೆ. ಎರಡು ಬಗೆಯನ್ನು ಬೆರೆಸಿದರೆ ಕೆಲವೊಮ್ಮೆ ಗ್ರೀಸ್ ನೀರಾಗಿ ಹರಿದುಹೋಗುತ್ತದೆ.

ಜಾಕ್ ಕೊಟ್ಟು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಲೊಡಲೊಡ ಎನ್ನಬಾರದು, ತಿರುಗಿಸಿದಾಗ ಗರಗರ ಎನ್ನಬಾರದು. ಪ್ರಯಾಣದ ಮೊದಲ ಹತ್ತು ಹದಿನೈದು ಕಿಲೋಮೀಟರಿನ ಬಳಿಕ ನಿಲ್ಲಿಸಿ ಹಬ್ಬಿನ ಹತ್ತಿರ ಕೈಹಿಡಿದು ಮೆಲ್ಲಗೆ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಮುಂದೆ ಹೋಗುವಂತಿಲ್ಲ.

ಬ್ರೇಕು, ದೀಪ, ಟೈರು

ಡ್ರಮ್ ಬ್ರೇಕಿನೊಳಗೆ ಹೊಕ್ಕ ಉಪ್ಪು ಹೊರಗಿನ ತೊಳೆತಕ್ಕೆ ಹೋಗದು. ನೀರಿಗಿಳಿಯುವ ಟ್ರೇಲರ್‌ಗೆ ಡ್ರಮ್ಮಿನ ಹಿಂಬದಿಯಿಂದ ಪೈಪ್ ಜೋಡಿಸಿ ತೊಳೆಯುವ ಕೊಳವೆ ಇದ್ದರೆ ಒಳ್ಳೆಯದು. ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗಾಲಿಗೆ ಕಲ್ಲು ಕೊಟ್ಟು ಬ್ರೇಕ್ ಸಡಿಲಿಸಿಡಬೇಕು. ನೀರಿಗಿಳಿಸುವ ಮೊದಲು ದೀಪದ ಪ್ಲಗ್ ಕಳಚಬೇಕು, ಅರ್ತಿಂಗ್‌ಗೆ ಚಾಸಿಯನ್ನು ನೆಚ್ಚದೆ ಪ್ರತ್ಯೇಕ ತಂತಿ ಎಳೆಯಬೇಕು. ಟೈರುಗಳು ಸವೆಯುವುದಕ್ಕಿಂತ ಮೊದಲೇ ಬಿಸಿಲಿಗೆ ಬಿರಿಯುತ್ತವೆ. ಬದಿಯ ನಾಲ್ಕಂಕಿಯ ಗುರುತಿನಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ.

ತೊಳೆಯುವುದು, ನಿಲ್ಲಿಸುವುದು

ಉಪ್ಪುನೀರಿನಿಂದ ಎದ್ದ ಟ್ರೇಲರ್ ಒಣಗುವ ಮೊದಲೇ ಸಿಹಿನೀರು ಬೀಳಬೇಕು. ಧಾರೆಯ ರಭಸಕ್ಕಿಂತ ನೀರಿನ ಪ್ರಮಾಣ ಮುಖ್ಯ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪಂಪನ್ನು ಹಬ್ಬಿನ ಸೀಲಿಗೆ ಹಿಡಿದರೆ ನೀರು ಒಳಗೇ ಹೋಗುತ್ತದೆ. ಕಮಾನು ಪಟ್ಟಿಯ ಸಂದು, ಬಾಕ್ಸ್ ಪೈಪಿನ ಒಳಗು, ಹಲಗೆಯ ಅಡಿ ಇವಕ್ಕೆ ನಿಧಾನವಾಗಿ ನೀರು ಹರಿಸಬೇಕು. ದಡದಲ್ಲಿ ನಲ್ಲಿ ಇಲ್ಲದಿದ್ದರೆ ಒಂದೆರಡು ಕ್ಯಾನ್ ನೀರು ಜೊತೆಗೊಯ್ಯುವುದು ಲೇಸು.

ನಿಲ್ಲಿಸುವಾಗ ಮೂಕಿಯನ್ನು ಎತ್ತಿ ಹಿಂದಕ್ಕೆ ಓರೆಯಾಗಿಸಿದರೆ ನೀರು ಬಸಿದುಹೋಗುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿದರೆ ಒಳಗೆ ತೇವ ಕಟ್ಟಿ ತುಕ್ಕಿಗೆ ಅನುಕೂಲವೇ ಆಗುತ್ತದೆ, ಗಾಳಿಯಾಡುವ ಸೂರಿನಡಿ ಬರಿಮೈಯಲ್ಲಿ ನಿಂತರೇ ವಾಸಿ. ರಕ್ಷಣಾ ದೋಣಿಗಳ ಟ್ರೇಲರ್‌ಗಳಲ್ಲಿ ತಿಂಗಳಿಗೊಮ್ಮೆಯಾದರೂ ಗಾಲಿ ತಿರುಗಿಸಿ, ಕೊಂಡಿ ತೆರೆದು ಮುಚ್ಚಿ, ವಿಂಚು ಬಿಚ್ಚಿ ಸುತ್ತಿ ನೋಡುವುದು ಅನಿವಾರ್ಯ. ನಿಂತ ಬೇರಿಂಗಿನಲ್ಲಿ ರೋಲರ್ ಒರಗಿದ ಗೆರೆಯಲ್ಲೇ ತೇವ ಕಚ್ಚಿ ಗುಳಿ ಬೀಳುತ್ತದೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28) ಮೋಟಾರು ವಾಹನದ ವ್ಯಾಖ್ಯೆಯೊಳಗೆ ಟ್ರೇಲರ್ ಅನ್ನೂ ಸೇರಿಸಿದೆ. ಸೆಕ್ಷನ್ 2(46) ಟ್ರೇಲರ್ ಎಂದರೇನೆಂದು ಹೇಳುತ್ತದೆ. ಎಂಜಿನ್ ಇಲ್ಲದಿದ್ದರೂ ಸಾರ್ವಜನಿಕ ರಸ್ತೆಗಿಳಿಯುವ ದೋಣಿ ಟ್ರೇಲರ್ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ನೋಂದಣಿ ಅದಕ್ಕೂ ಅನ್ವಯಿಸುತ್ತದೆ. ಕೈಯಿಂದ ತಳ್ಳುವ ದಡದ ಟ್ರಾಲಿಗೆ ಇದು ಅನ್ವಯಿಸುವುದಿಲ್ಲ.

ಇಂದಿನ ಸ್ಥಿತಿ

ಭಾರತದಲ್ಲಿ ಕಾರಿನ ಹಿಂದೆ ಸ್ವಂತ ದೋಣಿ ಕಟ್ಟಿಕೊಂಡು ಹೋಗುವ ರೂಢಿ ಬೆಳೆದಿಲ್ಲ. ಟ್ರೇಲರ್‌ಗಳು ಬಹುಪಾಲು ಸೇಲಿಂಗ್ ಕ್ಲಬ್‌ಗಳು, ಸೇನೆ, ಅಗ್ನಿಶಾಮಕ ಮತ್ತು ವಿಪತ್ತು ನಿರ್ವಹಣಾ ಪಡೆಗಳ ಬಳಿ ಇವೆ. ಹೈದರಾಬಾದಿನಲ್ಲಿ 2024ರ ಜುಲೈನಲ್ಲಿ ರಚನೆಯಾದ ಹೈಡ್ರಾ ಸಂಸ್ಥೆಗೆ ಕೆರೆಗಳ ರಕ್ಷಣೆಯ ಜೊತೆಗೆ ವಿಪತ್ತು ಸ್ಪಂದನೆಯ ಹೊಣೆಯೂ ಇದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನಗಳು ದೋಣಿ, ಎಂಜಿನ್, ಬಲೆಗಳ ದುರಸ್ತಿಯ ಕಾಲ. ಅಲ್ಲಿ ತುಕ್ಕಿನ ಕೆಲಸಕ್ಕೆ ಪಂಚಾಂಗದಲ್ಲೇ ಜಾಗವಿದೆ. ಒಳನಾಡಿನ ಕೆರೆಗಳಲ್ಲಿ ಅಂಥ ಬಿಡುವು ಇಲ್ಲ. ಹುಸೇನ್ ಸಾಗರದಲ್ಲಿ ಗಾಳಿ ಚೆನ್ನಾಗಿ ಬೀಸುವ ಜುಲೈ, ಆಗಸ್ಟ್ ತಿಂಗಳುಗಳೇ ಟ್ರೇಲರ್, ಟ್ರಾಲಿಗಳು ಹೆಚ್ಚು ಮುಳುಗುವ, ಹವೆ ಹೆಚ್ಚು ತೇವವಾಗಿರುವ ತಿಂಗಳುಗಳು. ಆದ್ದರಿಂದ ಇಲ್ಲಿ ಬೇರಿಂಗ್ ಬಿಚ್ಚುವ, ಬಣ್ಣ ಬಳಿಯುವ ಕೆಲಸ ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿನಲ್ಲೇ ಮುಗಿಯಬೇಕು.